ನೀರಿನ ಬಣ್ಣ ಬಲ್ಲ ಚೆನ್ನಿಯಪ್ಪನ್

ಬೆಳಗಿನ ಐದೂವರೆ. ಕೊಯಮತ್ತೂರಿನ ಒಂದು ಭಾಗಕ್ಕೆ ಕುಡಿಯುವ ನೀರು ಕೊಡುವ ಜಲಾಶಯದಲ್ಲಿ ಚೆನ್ನಿಯಪ್ಪನ್ ದೋಣಿಯ ಹಿಂಬದಿಗೆ ಗೋಣಿಚೀಲ ಕಟ್ಟುತ್ತಾರೆ. ಚೀಲದೊಳಗೆ ಮೈಲುತುತ್ತದ ಹರಳು. ದೋಣಿ ಸಾಗಿದಂತೆ ಅದು ನೀರಿನಲ್ಲಿ ಕರಗಿ ಪಾಚಿಯನ್ನು ಕೊಲ್ಲುತ್ತದೆ. ಒಂದೊಂದು ಸುತ್ತಿಗೂ ಇಪ್ಪತ್ತು ಕಿಲೋ, ಒಟ್ಟು ನಾಲ್ಕು ಸುತ್ತು.

"ಜಾಸ್ತಿ ಬಿಟ್ರೆ ಮೀನು ಸಾಯ್ತವೆ ಸಾರ್. ಅಳತೆ ತಪ್ಪಬಾರ್ದು."

ಅವರು ನೆಗಮಂ ಎಂಬ ಊರಿನ ನೇಕಾರರ ಮನೆಯವರು. ಹದಿನೈದು ವರ್ಷ ನೂಲಿಗೆ ಬಣ್ಣ ಹಾಕಿದರು. ಕೈತುಂಬ ಹುಣ್ಣಾಗಿ ಅದನ್ನು ಬಿಟ್ಟು, 1979ರಲ್ಲಿ ಇಲ್ಲಿ ದಿನಗೂಲಿಗೆ ಸೇರಿದರು. ಈಗಲೂ ಬೆರಳಿಗೆ ಸೈಕಲ್ ಟ್ಯೂಬ್ ಸುತ್ತಿಕೊಂಡೇ ಹರಳು ಮುಟ್ಟುತ್ತಾರೆ. ಕೈ ಕೆಟ್ಟರೂ ಬಣ್ಣಗಾರನ ಕಣ್ಣು ಕೆಡಲಿಲ್ಲ.

ಎರಡು ವರ್ಷದ ಹಿಂದೆ, 86ರ ಏಪ್ರಿಲ್‌ನಲ್ಲಿ, ಒಂದು ಮುಂಜಾನೆ ಪೂರ್ವದ ದಡದಲ್ಲಿ ನೀರು ಕುಡಿದ ಮೂರು ಮೇಕೆಗಳು ಸತ್ತು ಬಿದ್ದಿದ್ದವು. ನೀರಿನ ಮೇಲೆ ಬಣ್ಣ ಚೆಲ್ಲಿದಂತೆ ಪಾಚಿಯ ದಪ್ಪ ಹಸಿರು ಕೆನೆ. ಗಾಳಿ ಅದನ್ನು ಪಂಪ್‌ಹೌಸಿನತ್ತ ತಳ್ಳುತ್ತಿತ್ತು. ಚೆನ್ನಿಯಪ್ಪನ್ ಓಡಿಹೋಗಿ ಪಂಪ್ ನಿಲ್ಲಿಸಲು ಹೇಳಿದರು.

"ಆರ್ಡರ್ ಇಲ್ದೆ ನಿಲ್ಸಿದ್ರೆ ನನ್ ಕೆಲ್ಸ ಹೋಗ್ತದೆ," ಎಂದ ಆಪರೇಟರ್ ಮೈಲ್‌ಸಾಮಿ.

ಚೆನ್ನಿಯಪ್ಪನ್ ಒಂದು ಬಾಟಲಿ ಕೆನೆ ತುಂಬಿಕೊಂಡರು. ಸತ್ತ ಮೂರರಲ್ಲಿ ಚಿಕ್ಕದಾದ ಮರಿಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ, ಪೆರಿಯನಾಯಕನಪಾಳ್ಯಂನಲ್ಲಿದ್ದ ನೀರು ಪರೀಕ್ಷಕ ವ್ಯಾಸರಾಯರ ಮನೆಗೆ ಹನ್ನೊಂದು ಮೈಲಿ ತುಳಿದರು. ಬಾಗಿಲು ತೆರೆದ ವ್ಯಾಸರಾಯರು ಮರಿಯನ್ನು ನೋಡಿ ಹೌಹಾರಿದರು.

"ಏನಯ್ಯಾ ಇದು, ಬೆಳಿಗ್ಗೆ ಬೆಳಿಗ್ಗೆ?"

"ನೀರು ಕುಡಿದು ಸತ್ತದ್ದು ಸಾರ್. ಅದೇ ನೀರು ಈಗ ಊರಿಗೆ ಹೋಗ್ತಾ ಅದೆ."

ವ್ಯಾಸರಾಯರು ಅಂಗಿ ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ಅವರು ಆರ್ಡರ್ ಕೊಡಿಸಿ, ಹತ್ತು ಗಂಟೆಗೆ ಪಂಪ್ ನಿಂತಿತು. ಎರಡು ದಿನ ನಲ್ಲಿ ಒಣಗಿ ಜನ ಶಪಿಸಿದರು. ಕೂಡಲೇ ಮೈಲುತುತ್ತ ಸುರಿಯಿರಿ ಎಂದು ಮೇಲಿನವರು ಒತ್ತಾಯಿಸಿದಾಗ ವ್ಯಾಸರಾಯರು ಒಪ್ಪಲಿಲ್ಲ. ಪಾಚಿ ಒಮ್ಮೆಲೇ ಸತ್ತರೆ ಅದರೊಳಗಿನ ವಿಷವೆಲ್ಲ ನೀರಿಗೇ ಸೇರುತ್ತದೆ. ಗಾಳಿ ತಿರುಗಿ ಕೆನೆ ದೂರ ಸರಿದ ಮೇಲೆ ನೀರು ಪರೀಕ್ಷಿಸಿ, ತಳದ ತೂಬಿನಿಂದ ಬಿಟ್ಟರು. ಯಾರೂ ಕಾಯಿಲೆ ಬೀಳಲಿಲ್ಲ.

ಅಂದಿನಿಂದ ಪಾಚಿ ತೆಳುವಾಗಿದ್ದಾಗಲೇ ಮದ್ದು. ಯಾವ ದಿನ ಹಾಕಬೇಕು ಎಂಬುದನ್ನು ವ್ಯಾಸರಾಯರು ಮೊದಲು ನೀರಿನ ಬಣ್ಣ ನೋಡಿ ಹೇಳಬಲ್ಲ ಚೆನ್ನಿಯಪ್ಪನ್‌ರನ್ನೇ ಕೇಳುತ್ತಾರೆ. ಕೆಲಸ ಮಾತ್ರ ಇನ್ನೂ ಕಾಯಂ ಆಗಿಲ್ಲ.

ತಿಂಗಳಿಗೊಮ್ಮೆ ಹೆಂಡತಿ ತಂಗಮಣಿಯೊಂದಿಗೆ, ಇದೇ ಜಲಾಶಯದ ನೀರು ಬರುವ ಗಾಂಧಿಪುರಂಗೆ ಹೋಗುತ್ತಾರೆ. "ಹೋಟ್ಲಲ್ಲಿ ಕಾಪಿಗೆ ಮುಂಚೆ ಒಂದು ಲೋಟ ನೀರು ಕೇಳಿ ಕುಡೀತೀನಿ," ಎನ್ನುತ್ತಾರೆ ಚೆನ್ನಿಯಪ್ಪನ್. "ವಾಸ್ನೆ, ರುಚಿ ಒಂದೂ ಇಲ್ದಿದ್ರೆ ಸಾಕು. ನನಗೆ ಸಂತೋಷ."