ಕಿವಿಯ ಹಿಂದಿನ ಗ್ರೀಸ್

ಪಕ್ಕದ ಮನೆಯ ಮಾವನ ಬಲಗಿವಿಯ ಹಿಂದೆ, ಎಲುಬು ಉಬ್ಬಿರುವ ಜಾಗದಲ್ಲಿ, ರೂಪಾಯಿ ಅಗಲದ ಒಂದು ಕಪ್ಪು ಗುರುತಿತ್ತು. ಹುಟ್ಟುಮಚ್ಚೆಯಲ್ಲ, ಗ್ರೀಸ್. ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ವರ್ಷಗಟ್ಟಲೆ ಅಲ್ಲಿಗೇ ಒತ್ತಿ ಒತ್ತಿ ಕೂತ ಗ್ರೀಸ್. ಮದುವೆಗೆ ಹೊರಟಾಗಲೆಲ್ಲ ಅತ್ತೆ ಸಾಬೂನು ಹಾಕಿ ಉಜ್ಜುತ್ತಿದ್ದರು. ಅದು ಹೋಗುತ್ತಿರಲಿಲ್ಲ. “ಬಿಡು ಮಾರಾಯ್ತಿ, ಅದು ನನ್ನ ಅಂಗಡಿಯ ಬೋರ್ಡು” ಎನ್ನುತ್ತಿದ್ದರು ಮಾವ.

ಅಂಗಡಿ ಇದ್ದದ್ದು ಮೆಲ್ಕಾರಿನಲ್ಲಿ, ಕಾರು ಲಾರಿಗಳ ವಯರಿಂಗ್ ಕೆಲಸದ್ದು. ಗುರುವಾಯನಕೆರೆಯ ನಮ್ಮ ಪಕ್ಕದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಅಷ್ಟು ಗಾಡಿಗಳಿಗೆ ಜೀವ ಕೊಟ್ಟವರಿಗೆ ಸ್ವಂತ ಗಾಡಿ ಇರಲಿಲ್ಲ. ಇಂಜಿನ್ನಿನ ತಿರುಗಾಟದಿಂದ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರನ್ನು ಅವರು ಕೊನೆಯವರೆಗೂ ‘ಡೈನಮೋ’ ಎಂದೇ ಕರೆದರು. ಇಂಜಿನ್ ಓಡುತ್ತಿರುವಾಗ ಸ್ಕ್ರೂಡ್ರೈವರಿನ ತುದಿಯನ್ನು ಡೈನಮೋದ ಮೈಗೆ ಮುಟ್ಟಿಸಿ, ಹಿಡಿಯನ್ನು ಕಿವಿಯ ಹಿಂದೆ ಒತ್ತಿ, ಕಣ್ಣು ಮುಚ್ಚುತ್ತಿದ್ದರು. ಕಣ್ಣು ಬಿಟ್ಟಾಗ ಕಾಯಿಲೆ ಯಾವುದೆಂದು ಗೊತ್ತಾಗಿರುತ್ತಿತ್ತು.

ಅವರದೊಂದು ನಿಯಮವಿತ್ತು. ಗಾಡಿ ಯಾವ ಶಬ್ದ ಮಾಡುತ್ತದೆಂದು ಗಿರಾಕಿ ತನ್ನ ಬಾಯಿಂದ ಮಾಡಿ ತೋರಿಸದೆ ಬಾನೆಟ್ ಎತ್ತುವಂತಿಲ್ಲ. ಇಸ್ತ್ರಿ ಅಂಗಿಯ ಬ್ಯಾಂಕ್ ಮ್ಯಾನೇಜರರೊಬ್ಬರು ಹೆದ್ದಾರಿ ಬದಿಯಲ್ಲಿ ನಿಂತು “ಕೊಂಯ್ಯ್… ಟಕಟಕ” ಎನ್ನುವುದನ್ನು ನಾನೇ ಕಂಡಿದ್ದೇನೆ. ಲೈಸೆನ್ಸ್ ಸಿಕ್ಕಿದ ಹೊಸದರಲ್ಲಿ ನಾನೂ ಅಪ್ಪನ ಹಳೇ ಕಾರು ಕೊಂಡುಹೋಗಿ ಆ ಪರೀಕ್ಷೆಗೆ ನಿಂತೆ. ಮೊದಲು ಸ್ಟಾರ್ಟರಿನ ಕೆಮ್ಮು, ಆಮೇಲೆ ಬೆಲ್ಟಿನ ಕಿರುಚಾಟ, ನಡುವೆ ಅಪ್ಪನ ಬೈಗುಳವನ್ನೂ ಸೇರಿಸಿ ಒಪ್ಪಿಸಿದೆ. ಮಾವ ನಗಲಿಲ್ಲ. “ಬೆಲ್ಟ್ ಲೂಸ್. ನಿನ್ನ ಬಾಯಿಗೆ ಗಾಡಿ ಸರಿಯಾಗಿ ಬರ್ತದೆ ಮಾರಾಯ” ಎಂದರು. ಮನೆಯಲ್ಲಿ ಮಂಗಾಟ ಎನಿಸಿಕೊಂಡಿದ್ದ ನನ್ನ ವಿದ್ಯೆಯನ್ನು ಮೊದಲು ಗೌರವದಿಂದ ಕೇಳಿದವರು ಅವರು. ಆ ಗೌರವಕ್ಕೆ ನಾನು ಕೊಟ್ಟ ಪ್ರತಿಫಲ ಎಂಥದೆಂದು ಈಗ ಹೇಳಬೇಕು.

ಅವರ ಕಿವಿ ನಿಧಾನವಾಗಿ ಹೋಯಿತು. ಅಂಗಡಿ ಮುಚ್ಚಿ ಮನೆಯಲ್ಲಿ ಕೂತರು. ಕಿವಿಗೆ ಹಾಕುವ ಮೆಷಿನ್ ತಂದರೆ, “ಎಲ್ಲರೂ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ ಆಗ್ತದೆ” ಎಂದು ಕಪಾಟಿನಲ್ಲಿಟ್ಟರು. ವಿಚಿತ್ರವೆಂದರೆ, ಸ್ಕ್ರೂಡ್ರೈವರಿನಲ್ಲಿ, ಎಲುಬಿನ ಮೂಲಕ, ಅವರಿಗೆ ಇನ್ನೂ ಕೇಳುತ್ತಿತ್ತು. ದಾರಿಯಲ್ಲಿ ನಿಂತ ರಿಕ್ಷಾಗಳ ಇಂಜಿನ್ನಿಗೆ ಅದನ್ನು ಮುಟ್ಟಿಸಿ ಸುಖಪಡುತ್ತಿದ್ದರು. “ಗಾಡಿಯದ್ದು ಕೇಳ್ತದೆ, ಮನುಷ್ಯರದ್ದು ಇಲ್ಲ” ಎನ್ನುತ್ತಿದ್ದರು. ಅತ್ತೆ ಆ ಮಾತಿಗೆ ಎದ್ದು ಒಳಗೆ ಹೋಗುತ್ತಿದ್ದರು.

ಆ ವರ್ಷ ನಮ್ಮ ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ನನ್ನದು ಮಿಮಿಕ್ರಿ. ರಾಜಕಾರಣಿಗಳು ಹಳಸಿದ್ದರು, ಬಸ್ ಕಂಡಕ್ಟರ್ ಹಳಸಿದ್ದ, ನನ್ನ ಸ್ವಂತ ಅಪ್ಪನೂ ಹಳಸಿದ್ದ. ಕಿವಿಯ ಹಿಂದೆ ಕಾಡಿಗೆ ಬಳಿದುಕೊಂಡು, ಸ್ಕ್ರೂಡ್ರೈವರ್ ಹಿಡಿದು ವೇದಿಕೆಗೆ ಬಂದೆ. “ಎಂತ? ಎಂತ ಹೇಳಿದ್ದು? ಜೋರು ಹೇಳು ಮಾರಾಯ, ನಿನಗಿಂತ ನಿನ್ನ ಗಾಡಿ ಸ್ಪಷ್ಟ ಮಾತಾಡ್ತದೆ!” ಎನ್ನುತ್ತ ಗಿರಾಕಿಯಾದವನ ಹೊಟ್ಟೆಗೆ ಸ್ಕ್ರೂಡ್ರೈವರ್ ಮುಟ್ಟಿಸಿ ಕಣ್ಣು ಮುಚ್ಚಿದೆ. ಜನ ಬಿದ್ದು ಬಿದ್ದು ನಕ್ಕರು. ಮಾವ ಮುಂದಿನ ಸಾಲಿನಲ್ಲೇ ಇದ್ದರು. ಅಕ್ಕಪಕ್ಕದವರ ಮುಖ ನೋಡಿ, ಅವರು ನಕ್ಕಾಗ ನಕ್ಕು, ಅವರು ತಟ್ಟಿದಾಗ ಚಪ್ಪಾಳೆ ತಟ್ಟಿದರು. ಎಲ್ಲರೂ ನಗುತ್ತಿರುವುದು ತನ್ನನ್ನೇ ನೋಡಿ ಎಂದು ಅವರಿಗೆ ಗೊತ್ತಾಗಲಿಲ್ಲ ಎಂದೇ ನಾನು ಅಂದುಕೊಂಡೆ.

ಮರುದಿನ ಹಾಲಿನ ಪ್ಯಾಕೆಟ್ ತರಲು ಹೋದಾಗ ಅತ್ತೆ ಸಿಕ್ಕಿದರು. ಬೈಯಲಿಲ್ಲ. “ಅವರಿಗೆ ಕೇಳಲಿಲ್ಲ. ನನಗೆ ಕೇಳಿತು” ಎಂದಷ್ಟೇ ಹೇಳಿ ಹೋದರು.

ಎಲ್ಲರ ಧ್ವನಿಯಲ್ಲೂ ಮಾತಾಡಬಲ್ಲ ನಾನು ಹಾಲಿನ ಪ್ಯಾಕೆಟ್ ಹಿಡಿದು ಹಿತ್ತಲಿನ ದಾರಿಯಿಂದ ಮನೆ ಸೇರಿದೆ. ತಿಂಗಳುಗಟ್ಟಲೆ ಅವರ ಗೇಟಿನ ಎದುರು ತಲೆ ತಗ್ಗಿಸಿ ಓಡಾಡಿದೆ.

ಮತ್ತೊಂದು ದಿನ ಮೂಡಬಿದಿರೆಯಿಂದ ಬರುವಾಗ ಕಾರಿನ ಬ್ಯಾಟರಿಯ ಕೆಂಪು ದೀಪ ಹತ್ತಿತು. ಹಾರ್ನ್ ನೆಗಡಿಯಾದವರ ಹಾಗೆ ಕುಂಯ್ ಎಂದಿತು. ಹೇಗೋ ಅಂಗಳ ಸೇರಿ ನಿಂತ ಕಾರು ಮತ್ತೆ ಸ್ಟಾರ್ಟ್ ಆಗಲಿಲ್ಲ. ಆಲ್ಟರ್ನೇಟರ್ ಹೋಗಿತ್ತು. ಹೊಸದೊಂದು ತಂದು, ಬ್ಯಾಟರಿಗೆ ಚಾರ್ಜ್ ಮಾಡಿಸಿ ಕೂರಿಸಿ, ಮೊಬೈಲಿನಲ್ಲಿ ವಿಡಿಯೋ ನೋಡಿ ನಾನೇ ಹಾಕುತ್ತೇನೆಂದು ಭಾನುವಾರ ಬೆಳಗ್ಗೆ ಸ್ಪಾನರ್ ಹಿಡಿದು ನಿಂತೆ. ಪಕ್ಕದಲ್ಲೇ ಮಾವ ಇದ್ದಾರೆ, ಕೇಳಲು ಮುಖವಿಲ್ಲ.

ಕಂಪೌಂಡಿನ ಮೇಲಿಂದ ಬೊಬ್ಬೆ ಬಂತು: “ಏ, ನಿಲ್ಲು! ಮೊದಲು ಬ್ಯಾಟರಿಯ ಮೈನಸ್ ತೆಗಿ. ಹೊಗೆ ಬರಿಸ್ತೀಯಾ?”

ಲುಂಗಿ ಎತ್ತಿಕಟ್ಟಿ ಬಂದೇಬಿಟ್ಟರು. ನಟ್ಟು ತಿರುಗಿಸುವ ಬಲ ಕೈಯಲ್ಲಿ ಉಳಿದಿರಲಿಲ್ಲ, ಆದ್ದರಿಂದ ಸ್ಪಾನರ್ ಮುಟ್ಟಲಿಲ್ಲ. “ಕೈ ನಿನ್ನದು, ಕಣ್ಣು ನನ್ನದು” ಎಂದು ಸ್ಟೂಲು ಹಾಕಿ ಕೂತರು. ಬೆಲ್ಟ್ ಬಿಚ್ಚುವ ಮೊದಲು ಅದು ಇಂಜಿನ್ನಿನ ಯಾವ ಗಾಲಿಯ ಮೇಲೆ ಹೇಗೆ ಹೋಗಿದೆಯೆಂದು ನನ್ನ ಅಂಗೈಯಲ್ಲಿ ಪೆನ್ನಿನಿಂದ ಬರೆಸಿದರು. “ಮೊಬೈಲಿನ ಫೋಟೋಕ್ಕೆ ಎಣ್ಣೆ ಕೈ ತಾಗಿಸಿ ನೋಡಲಿಕ್ಕೆ ಆಗ್ತದಾ?” ದಪ್ಪ ವಯರಿನ ನಟ್ಟು, ಪ್ಲಗ್ಗು, ಕೆಳಗಿನ ಉದ್ದದ ಬೋಲ್ಟು, ಹೀಗೆ ಒಂದೊಂದಾಗಿ ಬಿಚ್ಚಿಸಿ ಹಳೆಯದನ್ನು ಹೊರಗೆ ತೆಗೆಸಿ, ಅದರ ಗಾಲಿಯನ್ನು ನನ್ನ ಕೈಯಿಂದಲೇ ತಿರುಗಿಸಿದರು. ಗರಗರ ಎಂದಿತು. ಅದರ ಮೈಮೇಲೆ ಬೆರಳಿಟ್ಟು ನೋಡಿ “ಮುದುಕ” ಎಂದರು, “ನನ್ನ ಪಾರ್ಟಿ.”

ಹೊಸದನ್ನು ಕೂರಿಸಿ ಬೆಲ್ಟ್ ಬಿಗಿದಾಗ ಎರಡು ಬಾರಿ ಸಡಿಲಿಸಲು ಹೇಳಿದರು. “ಕೊರಳು ಹಿಸುಕಬೇಡ, ಬೇರಿಂಗ್ ಸಾಯ್ತದೆ. ಹೆಬ್ಬೆರಳು ಒತ್ತಿದರೆ ಚೂರು ಬಗ್ಗಬೇಕು.” ಮೈನಸ್ ಮತ್ತೆ ಜೋಡಿಸಿದೆ, ಕಾರು ಸ್ಟಾರ್ಟ್ ಆಯಿತು. ಕೆಂಪು ದೀಪ ಆರಿತು. ಮಾವ ಸ್ಕ್ರೂಡ್ರೈವರ್ ಮುಟ್ಟಿಸಿ ಕಣ್ಣು ಮುಚ್ಚಿದರು. ನನ್ನ ನಕಲಿನಲ್ಲಿ ಇಲ್ಲದ್ದೊಂದು ಆಗ ಆ ಮುಖದಲ್ಲಿ ಕಂಡಿತು: ದೂರದ ಊರಿಂದ ಯಾರೋ ಫೋನ್ ಮಾಡಿದ ಹಾಗೆ ಅವರು ಕೇಳುತ್ತಿದ್ದರು.

ಇಂಜಿನ್ ಆಫ್ ಮಾಡಿಸಿದ ಮೇಲೆ ಹೇಳಿದರು: “ನೀನು ಸ್ಟೇಜಿನಲ್ಲಿ ನನ್ನದು ಮಾಡಿದ್ದು ಮತ್ತೆ ವಿಡಿಯೋದಲ್ಲಿ ನೋಡಿದೆ. ಬಾಯಿ ಕಂಡಿತು, ಮಾತು ಕೇಳಲಿಲ್ಲ.”

ನಾನು ಕಾರಿನಡಿ ಹೊಕ್ಕಲು ಜಾಗ ನೋಡಿದೆ.

“ಅವನ ಹೊಟ್ಟೆಗೆ ಇದನ್ನು ಇಟ್ಟೆಯಲ್ಲ, ಅದು ನೋಡಿ ನನಗೆ ಹೊಳೆಯಿತು. ಮನುಷ್ಯರದ್ದೂ ಕೇಳ್ತದೋ ಏನೋ. ಇಷ್ಟು ವರ್ಷ ಈ ಮಂಡೆಗೆ ಹೋಗಲಿಲ್ಲ. ಮನೆಯಲ್ಲಿ ಹೇಳಲಿಕ್ಕೆ ನಾಚಿಕೆ. ನೀನು ಹೇಗೂ ಮರ್ಯಾದೆ ಬಿಟ್ಟವನು, ಕಚ್ಚು.” ಸ್ಕ್ರೂಡ್ರೈವರಿನ ತುದಿಯನ್ನು ಲುಂಗಿಯಲ್ಲಿ ಒರೆಸಿ ನನ್ನ ಹಲ್ಲಿನ ನಡುವೆ ಇಟ್ಟು, ಹಿಡಿಯನ್ನು ಕಿವಿಯ ಹಿಂದೆ ಒತ್ತಿಕೊಂಡರು. “ನನ್ನದೇ ಮಾಡು. ನಾನು ಹೇಗೆ ಕೇಳ್ತೇನೆ ನೋಡುವ.”

ನನಗೆ ಅದು ಬರಲಿಲ್ಲ. ಹಲ್ಲು ಕಚ್ಚಿದ ಬಾಯಿಂದ, ಗ್ರೀಸಿನ ರುಚಿಯ ಜೊತೆ, “ತಪ್ಪಾಯ್ತು ಮಾವ” ಎಂದು ಮಾತ್ರ ಬಂತು.

ಮಾವ ಕಣ್ಣು ಬಿಟ್ಟರು. “ಕೇಳಿತು!” ಎಂದರು. ಆಮೇಲೆ ಹುಬ್ಬು ಗಂಟಿಕ್ಕಿ, “ಇದು ಯಾರದ್ದು ಮಾರಾಯ? ಈ ಧ್ವನಿ ಇಷ್ಟರವರೆಗೆ ನೀನು ಮಾಡಲೇ ಇಲ್ಲವಲ್ಲ.”

“ನನ್ನದೇ” ಎಂದೆ, ಸ್ಕ್ರೂಡ್ರೈವರ್ ಕಚ್ಚಿಕೊಂಡೇ.

“ಅಡ್ಡಿಯಿಲ್ಲ. ಇದನ್ನೂ ಇಟ್ಟುಕೋ. ನನ್ನದು ಇನ್ನೊಂದು ದಿನ ಮಾಡು.”

ಆ ಇನ್ನೊಂದು ದಿನವನ್ನು ನಾನು ಮುಂದೂಡುತ್ತಲೇ ಹೋದೆ. ಆದರೆ ಅಂದಿನಿಂದ ಸಂಜೆ ಅವರ ಜಗಲಿಯಲ್ಲಿ ಒಂದು ದೃಶ್ಯ ಕಾಣತೊಡಗಿತು. ಅತ್ತೆ ಸ್ಕ್ರೂಡ್ರೈವರ್ ಕಚ್ಚಿಕೊಂಡು ಏನೋ ಹೇಳುತ್ತಿದ್ದರು, ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದರು. ರಸ್ತೆಯಲ್ಲಿ ಹೋಗುವವರು ನಕ್ಕರೆ ನಗಲಿ ಎಂಬಂತೆ ಕೂತಿರುತ್ತಿದ್ದರು. ಅದನ್ನು ನಾನು ಎಲ್ಲಿಯೂ ನಕಲು ಮಾಡಲಿಲ್ಲ.

ಅದು ಒಂದು ಮಳೆಗಾಲ ಪೂರ್ತಿ ನಡೆಯಿತು. ಮಳೆ ಬಿಟ್ಟ ಮೇಲೆ ಒಂದು ಬೆಳಗ್ಗೆ ಮಾವ ಜಗಲಿಯ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಸ್ನಾನ ಮಾಡಿಸುವಾಗ ಕಿವಿಯ ಹಿಂದೆ ಯಾರೋ ಉಜ್ಜಲು ಹೋದರು. ಅತ್ತೆ ಕೈ ಹಿಡಿದು ತಡೆದರು.

ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೋದ ಮೇಲೆ, ಸಂಜೆ ಅತ್ತೆ ನನ್ನನ್ನು ಕರೆದರು. ನಾನು ಏನಾದರೂ ಮಾತಾಡಬೇಕೆಂದು, “ಅಷ್ಟು ದಿನ ಎಂತ ಹೇಳ್ತಿದ್ದಿರಿ ಅತ್ತೆ ಅವರಿಗೆ?” ಎಂದೆ.

“ಎಂತ ಉಂಟು ಹೇಳಲಿಕ್ಕೆ? ಪದಾರ್ಥಕ್ಕೆ ಉಪ್ಪು ಸಾಕಾ ಅಂತ ಕೇಳ್ತಿದ್ದೆ.” ಆಮೇಲೆ ಹೇಳಿದರು: “ಆ ದಿನ ನೀನು ಸ್ಟೇಜಿನಲ್ಲಿ ಮಾಡಿದ್ದು ಸರಿಯಾಗಿ ಅವರ ಹಾಗೇ ಇತ್ತು. ಅದಕ್ಕೇ ಸಿಟ್ಟು ಬಂದದ್ದು. ಒಮ್ಮೆ ಮಾಡು.”

ಅವರು ಒಳಗೆ ಹೋದರು. ನಾನು ಅಂಗಳಕ್ಕೆ ಇಳಿದು, ಕಂಪೌಂಡಿನ ಬಳಿ, ಮಾವ ದಿನಾ ನಿಲ್ಲುತ್ತಿದ್ದಲ್ಲಿ ನಿಂತೆ. ಕಿವುಡರಿಗೆ ಮಾತ್ರ ಬರುವ ಅಳತೆಗೆಟ್ಟ ಆ ದೊಡ್ಡ ಧ್ವನಿಯಲ್ಲಿ ಕೂಗಿದೆ: “ಏ ಮಾರಾಯ್ತೀ, ಚಾ ಆಯ್ತಾ?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ಹಾಂ, ತರ್ತೇನೆ, ತರ್ತೇನೆ” ಎಂದಿತು ಒಳಗಿನಿಂದ ಅತ್ತೆಯ ಸ್ವರ. “ಬೊಬ್ಬೆ ಹಾಕ್ಬೇಡಿ. ನನಗೆ ಕೇಳ್ತದೆ.”