ಕುವೈತಿನಲ್ಲಿಲ್ಲದ ಹಕ್ಕಿಗೆ ಬಾಟಲಿ

ಕುವೈತಿನ ಶುವೈಖ್ ಪ್ರದೇಶದಲ್ಲಿರುವ ನಮ್ಮ ಅಂಗಡಿಗೆ ಹಮ್ಮಿಂಗ್‌ಬರ್ಡ್‌ಗಳಿಗೆ ಸಕ್ಕರೆನೀರು ತುಂಬಿ ತೂಗುಹಾಕುವ ಬಾಟಲಿಗಳು ಬಂದಿದ್ದವು. ಜಹ್ರಾ ಊರಿನ ವಯಸ್ಸಾದ ಕುವೈತಿಯೊಬ್ಬರು ಒಂದೊಂದನ್ನೂ ತಿರುಗಿಸಿ ನೋಡುತ್ತಿದ್ದರು.

"ಬಾಬಾ, ಈ ಹಕ್ಕಿ ಕುವೈತಿನಲ್ಲಿಲ್ಲ. ಅದು ಅಮೆರಿಕದ್ದು," ಎಂದೆ. ವ್ಯಾಪಾರ ಕೆಟ್ಟರೂ ಸುಳ್ಳು ಹೇಳಬಾರದಲ್ಲ.

"ಹೆಂಡತಿ ತೀರಿಹೋದಳು. ಅವಳ ಹೆಸರಲ್ಲಿ ಗೇಟಿನ ಹೊರಗೆ ದಾರಿಹೋಕರಿಗೆ ನೀರಿನ ಕೂಲರ್ ಇಟ್ಟಿದ್ದೇನೆ. ಹಕ್ಕಿಗಳಿಗೂ ಇಡಬೇಕು. ಯಾವುದು ಬಂದರೂ ಕುಡಿಯಲಿ."

ನಾನು ಮತ್ತೆ ಡಬ್ಬಿಯ ಮೇಲಿನ ಹಕ್ಕಿಯ ಚಿತ್ರ ತೋರಿಸಿದೆ.

"ನಿನ್ನ ಊರು ಯಾವುದು?"

"ಮಂಗಳೂರು."

"ನಮ್ಮ ಗೇಟುಗಳ ಮುಂದೆ ನೀನೂ ನೀರು ಕುಡಿದಿದ್ದೀಯಲ್ಲ. ಯಾರಾದರೂ ಊರು ಕೇಳಿದರಾ?"

ನಾನು ಗಾಜಿನ ಬಾಟಲಿ ತೆಗೆದುಕೊಟ್ಟು, "ಪ್ಲಾಸ್ಟಿಕ್ ನಮ್ಮ ಬಿಸಿಲಿಗೆ ತಡೆಯುವುದಿಲ್ಲ ಬಾಬಾ," ಎಂದೆ.

ನಮ್ಮ ಬಿಸಿಲಂತೆ! ಇಲ್ಲಿರಲು ಕೊಟ್ಟ ಪರವಾನಗಿ, ಆ ಇಕಾಮಾ, ಮುಗಿದ ದಿನ ಅದೂ ನನ್ನದಲ್ಲ.