ಎರಡು ಆಷಾಢ ಬಂದ ವರ್ಷ

ಆಗೆಲ್ಲ ತೀರ್ಥಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಒಂದೊಂದು ತಿಂಗಳಿಗೂ ಒಂದೊಂದು ವಾಸನೆಯಿತ್ತು. ಆಷಾಢವೆಂದರೆ ಹಲಸಿನೆಲೆಯಲ್ಲಿ ಬೇಯುವ ಕಡುಬು, ಮಧ್ಯಾಹ್ನವೆಲ್ಲ ಚೆನ್ನೆಮಣೆ ಆಟ. ಆ ವರ್ಷ ಮಾತ್ರ ಆಷಾಢವೆಂದರೆ ನನಗೆ ಅಕ್ಕ. ಬೇಸಿಗೆಯಲ್ಲಿ ಮದುವೆಯಾಗಿ ಸಾಗರಕ್ಕೆ ಹೋದವಳು, ಹೊಸ ಸೊಸೆ ಆಷಾಢದಲ್ಲಿ ಅತ್ತೆಮನೆಯಲ್ಲಿರಬಾರದೆಂದು ತವರಿಗೆ ಬಂದಿದ್ದಳು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವಳು ಮತ್ತೆ ಹೋಗುತ್ತಾಳೆಂದು ನೆನಪಾದರೆ ಅವಳ ಸೆರಗು ಹಿಡಿದೇ ಓಡಾಡುತ್ತಿದ್ದೆ.

ಅಮಾವಾಸ್ಯೆಯ ದಿನ ಭಾವ ಬಂದೇಬಿಟ್ಟರು. ಅಕ್ಕ ಬ್ಯಾಗು ತುಂಬಿಟ್ಟುಕೊಂಡೇ ಕೂತಿದ್ದಳು.

"ಆಷಾಢ ಮುಗೀತಲ್ಲ, ಕರ್ಕೊಂಡು ಹೋಗ್ತೀನಿ" ಎಂದರು ಭಾವ.

ಕಡುಬು ಬಡಿಸುತ್ತಿದ್ದ ಅಜ್ಜಿ ನಕ್ಕಳು. "ಮುಗಿದದ್ದು ಅಧಿಕ ಆಷಾಢ. ನಿಜ ಆಷಾಢ ನಾಳೆ ಶುರು. ಊಟ ಮಾಡಿ ಒಬ್ರೇ ಹೊರಡಿ."

"ಒಂದೇ ತಿಂಗಳು ಎರಡು ಸಲ ಹೆಂಗೆ ಬರ್ತದೆ ಅಜ್ಜಿ?" ಎಂದೆ ನಾನು.

ಉತ್ತರ ಕೊಟ್ಟವರು ಅಪ್ಪ. ಚೆನ್ನೆಮಣೆ ತಂದು, ಅದರ ಹದಿನಾಲ್ಕು ಗುಳಿಗಳಲ್ಲಿ ಎರಡನ್ನು ಬಿಟ್ಟು ಉಳಿದವನ್ನು ಹನ್ನೆರಡು ರಾಶಿಯೆಂದರು. ಹಲಸಿನ ಬೀಜ ಸೂರ್ಯ, ಗುಲಗಂಜಿ ಚಂದ್ರ.

"ಇಬ್ರೂ ಒಂದೇ ಗುಳೀಲಿ ಸೇರಿದ್ರೆ ಅಮಾಸೆ. ಆ ಗುಳಿ ನೋಡಿ ಮುಂದಿನ ತಿಂಗಳಿಗೆ ಹೆಸ್ರು. ಚಂದ್ರ ಸುತ್ತಿ ಬರೋ ಹೊತ್ತಿಗೆ ಸೂರ್ಯ ಮುಂದಿನ ಗುಳಿಗೆ ಹೋಗಿರ್ತಾನೆ, ಚಂದ್ರ ಅಲ್ಲಿಗೇ ಹೋಗಿ ಸೇರ್ತಾನೆ. ಈ ಸಲ ಸೂರ್ಯ ಗುಳಿ ಹೊಕ್ಕ ಕೂಡ್ಲೇ ಅಮಾಸೆ ಆಗಿತ್ತು. ಚಂದ್ರ ಸುತ್ತಿ ಬಂದ್ರೂ ಸೂರ್ಯ ಇನ್ನೂ ಅಲ್ಲೇ ಇದ್ದಾನೆ. ಗುಳಿ ಬದಲಾಗ್ಲಿಲ್ಲ, ತಿಂಗಳ ಹೆಸ್ರೂ ಬದಲಾಗ್ಲಿಲ್ಲ."

ನನಗೆ ಮೈ ಜುಮ್ಮೆಂದಿತು. ಅಂಗಳಕ್ಕೆ ಓಡಿ ತಲೆಯೆತ್ತಿದೆ. ಮೋಡದ ಆಚೆ ಅವರಿಬ್ಬರೂ ಈಗ ಒಟ್ಟಿಗಿದ್ದಾರೆ! ನಮ್ಮ ಹೆಸರೂ ಗೊತ್ತಿಲ್ಲದ ಅಷ್ಟು ದೊಡ್ಡವರು ಮೇಲೆ ತುಸು ತಡಮಾಡಿದ್ದಕ್ಕೆ ಕೆಳಗೆ ನನ್ನ ಅಕ್ಕ ಉಳಿದಿದ್ದಳು. ಕೈ ಮುಗಿಯಬೇಕೆನಿಸಿ ಮುಗಿದೆ.

ಭಾವ ಕೊಡೆ ಬಿಚ್ಚಿ ಹೊರಟರು. ಅಕ್ಕನ ಕಣ್ಣು ತುಂಬಿತ್ತು.

"ಇನ್ನೊಂದು ತಿಂಗಳು ತಾನೇ?" ಎಂದೆ.

"ನಿಂಗೆಂತ ಗೊತ್ತು, ಸುಮ್ನಿರು" ಎಂದಳು. ಆದರೂ ಮಲಗುವಾಗ ನನ್ನನ್ನೇ ತಬ್ಬಿಕೊಂಡಳು. ಶ್ರಾವಣದವರೆಗೂ ಹಾಗೇ ಮಲಗಿದೆವು.

ಆಮೇಲೂ ಅಧಿಕ ಮಾಸಗಳು ಬಂದು ಹೋಗುತ್ತಲೇ ಇವೆ. ಸಾಗರವೇನು ದೂರವಲ್ಲ. ಅಕ್ಕ ಬೆಳಿಗ್ಗೆ ಬರುತ್ತಾಳೆ, ಮಕ್ಕಳ ಪರೀಕ್ಷೆಯೆಂದು ಸಂಜೆಯ ಬಸ್ಸಿಗೆ ಹೊರಡುತ್ತಾಳೆ. ನನಗೂ ಕೆಲಸ, ತಡೆಯುವುದಿಲ್ಲ. ತಮ್ಮ ವರ್ಷಗಳ ನಡುವೆ ಅಂತರ ಬಿದ್ದಾಗ ಸೂರ್ಯಚಂದ್ರರು ಒಂದಿಡೀ ತಿಂಗಳು ಕೊಟ್ಟು ಸರಿಮಾಡಿಕೊಳ್ಳುತ್ತಾರೆ. ಅಕ್ಕನಿಗೂ ನನಗೂ ಒಂದು ರಾತ್ರಿ ಕೊಡಲಾಗಿಲ್ಲ.